ಗಾಜಿನಾಚೆಯ ಲಗ್ನಪತ್ರಿಕೆ

…ಅಥವಾ ಆ ಬಾಟಲಿ ಹಸಿರು ಗಾಜಿನದಾಗಿರಲಿಲ್ಲ. ಹಸಿರಾಗಿದ್ದರೆ ಅದರ ಮೂಲಕ ಅಕ್ಷರ ಓದುವ ಮಾತೇ ಇರಲಿಲ್ಲ. ಆದರೆ ನಾನು ಓದಿದೆ. ಇಲ್ಲ, ಓದಿದೆ ಎಂದುಕೊಂಡೆ. ಈ ಬರಹವೆಲ್ಲ ಆ ಎರಡು ಮಾತುಗಳ ನಡುವಿನ ಸಂದಿಯಲ್ಲಿ ನಡೆದದ್ದು. ಆದರೂ ಕಣ್ಣು ಮುಚ್ಚಿದರೆ ಬಾಟಲಿ ಹಸಿರಾಗಿಯೇ ಕಾಣುತ್ತದೆ. ವಾರ್ಡಿನ ಗೋಡೆಗೆ ಅರ್ಧದವರೆಗೆ ಹಸಿರು ಬಣ್ಣ ಬಳಿದಿದ್ದರು, ಅದು ನೆನಪಿನಲ್ಲಿ ಗಾಜಿಗೆ ಇಳಿದಿರಬೇಕು. ಹಾಗಾಗಿ ಮುಂದೆ ನಾನು ಹೇಳುವ ಯಾವುದನ್ನೂ ತಿದ್ದಿದ ಪ್ರೂಫು ಎಂದು ತಿಳಿಯಬೇಡಿ. ಇದು ಮೊದಲ ಪ್ರೂಫು. ಮಸಿ ಇನ್ನೂ ಹಸಿ.

ನಾನು ಕಡೂರಿನ ಒಂದು ಸಣ್ಣ ಅಚ್ಚುಕೂಟದಲ್ಲಿ ಮೊಳೆ ಜೋಡಿಸುವವನು. ಸೀಸದ ಅಕ್ಷರಗಳನ್ನು ಒಂದೊಂದಾಗಿ ಹೆಕ್ಕಿ ಸಾಲು ಕಟ್ಟುವುದು ಕೆಲಸ. ಮದುವೆಯ ಕಾಲದಲ್ಲಿ ಲಗ್ನಪತ್ರಿಕೆ, ಉಳಿದ ಕಾಲದಲ್ಲಿ ರಸೀದಿ ಪುಸ್ತಕ, ಸತ್ತವರ ಶಿವಗಣಾರಾಧನೆಯ ಕಾಗದ. ಎಂಬತ್ತರ ದಶಕದ ಮೊದಲ ವರ್ಷಗಳಲ್ಲಿ ಒಂದು ಬೇಸಿಗೆ. ನನಗೆ ಮೂವತ್ತನಾಲ್ಕು. ಶಿವನಿ ಎಂಬ ಊರಿಗೆ ರೈಲಿನಲ್ಲಿ ಹೋಗಿ ಪತ್ರಿಕೆಗಳ ಕಟ್ಟು ಕೊಟ್ಟು ಬಂದವನಿಗೆ ವಾಂತಿ ಭೇದಿ ಹಿಡಿಯಿತು. ನಾಲ್ಕು ದಿನಕ್ಕೆ ಅದು ನಿಂತಿತು. ಅದರ ಜೊತೆಗೆ ಮೂತ್ರವೂ ನಿಂತಿತು. ಎರಡು ದಿನ ಅದನ್ನು ಯಾರಿಗೂ ಹೇಳಲಿಲ್ಲ. ಹೇಳುವಂಥ ವಿಷಯ ಎಂದು ಅನ್ನಿಸಲಿಲ್ಲ. ನೀರು ಕುಡಿದಿಲ್ಲ, ಅದಕ್ಕೆ ಬರುತ್ತಿಲ್ಲ, ಇಷ್ಟೇ ನನ್ನ ಲೆಕ್ಕ. ಮೂರನೆಯ ದಿನ ಮುಖ ಊದಿತು. ಬಿಕ್ಕಳಿಕೆ ಶುರುವಾಯಿತು. ಯಾರೋ ನೆನೆಸಿಕೊಳ್ಳುತ್ತಿದ್ದಾರೆ ಎಂದು ಹೆಂಡತಿ ಪಾರ್ವತಿ ಮೊದಲು ನಕ್ಕಳು. ಸಂಜೆಯವರೆಗೂ ಬಿಕ್ಕಳಿಕೆ ನಿಲ್ಲದಿದ್ದಾಗ ಅವಳ ನಗು ನಿಂತಿತು.

ಕಡೂರಿನ ವೈದ್ಯರು ನನ್ನ ಮೊಣಕಾಲ ಕೆಳಗೆ ಹೆಬ್ಬೆರಳು ಒತ್ತಿದರು. ಗುಣಿ ಬಿತ್ತು. ಗುಣಿ ಮತ್ತೆ ತುಂಬಿಕೊಳ್ಳುವುದನ್ನು ಕಾಯುತ್ತ ಅವರು ಒಂದು ಚೀಟಿ ಬರೆದರು. ತರೀಕೆರೆಯಲ್ಲಿ ಎಂಟು ಹಾಸಿಗೆಯ ನರ್ಸಿಂಗ್ ಹೋಮ್ ಇದೆ, ಅಲ್ಲಿನ ಡಾಕ್ಟರಿಗೆ ಹೊಟ್ಟೆಯ ಮೂಲಕ ರಕ್ತದ ವಿಷ ತೆಗೆಯುವುದು ಗೊತ್ತಿದೆ, ಇವತ್ತೇ ಹೋಗಿ. ಅಂಗಿ ಬದಲಿಸಲೂ ಪುರಸೊತ್ತಿರಲಿಲ್ಲ. ಜೇಬಿನಲ್ಲಿ ನಾನೇ ಮೊಳೆ ಜೋಡಿಸಿದ ಒಂದು ಲಗ್ನಪತ್ರಿಕೆಯ ಪ್ರೂಫು ಹಾಗೇ ಮಡಚಿಕೊಂಡು ಕೂತಿತ್ತು. ಅದೂ ನಮ್ಮ ಜೊತೆ ಬೀರೂರು ದಾಟಿ ತರೀಕೆರೆಗೆ ಬಸ್ಸಿನಲ್ಲಿ ಬಂತು.

ಹೊರಗಿನ ಬೆಂಚಿನಲ್ಲಿ ಕೂತಿದ್ದ ಹೊತ್ತು ಎಷ್ಟೋ ನೆನಪಿಲ್ಲ. ನನ್ನ ಬಿಕ್ಕಳಿಕೆಗೆ ಪಕ್ಕದ ಮುದುಕರೊಬ್ಬರು "ಹೂಂ" ಎನ್ನುತ್ತಿದ್ದದ್ದು ನೆನಪಿದೆ. ಪ್ರತಿ ಸಲವೂ, ಕತೆ ಕೇಳುವವರ ಹಾಗೆ. ಅಷ್ಟರಿಂದಲೇ ನನಗೆ ಒಂದು ಬಗೆಯ ಧೈರ್ಯ ಬಂತು. ಅವರ ಹೆಸರು ಕೇಳಲಿಲ್ಲ.

ಡಾಕ್ಟರು ಚಿಕ್ಕ ವಯಸ್ಸಿನವರು, ನನಗಿಂತ ಚಿಕ್ಕವರು. "ನಿಮ್ಮ ಕಿಡ್ನಿ ಸತ್ತಿಲ್ಲ ಬಸಪ್ಪ, ಮಲಗಿವೆ," ಎಂದರು. "ಏಳೋವರೆಗೂ ಅವುಗಳ ಕೆಲಸ ನಾವು ಮಾಡ್ಬೇಕು." ಹೊಕ್ಕುಳ ಕೆಳಗೆ ಸೂಜಿ ಚುಚ್ಚಿ ಮರಗಟ್ಟಿಸಿ ಒಂದು ಗಟ್ಟಿ ನಳಿಕೆ ಇಳಿಸಿದರು. ಕಿಟಕಿಯ ಕಂಬಿಗೆ ಎರಡು ಬಾಟಲಿ ನೇತು ಹಾಕಿದರು. ಹಂಡೆಯ ಬಿಸಿನೀರಿನಲ್ಲಿ ಇಟ್ಟು ಬೆಚ್ಚಗೆ ಮಾಡಿದ ಬಾಟಲಿಗಳು. ಆ ದ್ರವ ಹೊಟ್ಟೆಯೊಳಗೆ ಇಳಿಯಬೇಕು, ಅರ್ಧ ಗಂಟೆ ಒಳಗಿರಬೇಕು, ವಿಷ ಹೀರಿಕೊಂಡು ನೆಲದ ಮೇಲಿಟ್ಟ ಖಾಲಿ ಬಾಟಲಿಗೆ ಇಳಿದು ಬರಬೇಕು. ಮತ್ತೆ ಹೊಸದು. ಗಂಟೆಗೊಂದು ಸಲ. ಯಂತ್ರವಿಲ್ಲ, ಕರೆಂಟಿಲ್ಲ, ನೀರು ಇಳಿಜಾರಿಗೆ ಹರಿಯುತ್ತದೆ ಎನ್ನುವ ಒಂದೇ ನಂಬಿಕೆ. ನನಗೆ ಅದು ಎಷ್ಟು ಇಷ್ಟವಾಯಿತೆಂದರೆ ನೋವನ್ನೇ ಮರೆತೆ. ಇದನ್ನು ನಾನೂ ಮಾಡಬಹುದಲ್ಲ ಎನ್ನಿಸುವಷ್ಟು ಸರಳ.

ದ್ರವ ತುಂಬಿದಾಗ ಹೊಟ್ಟೆ ಉಬ್ಬುತ್ತಿತ್ತು.

"ಏನ್ರೀ, ನನಗಿಂತ ಮುಂದೆ ಹೋಗ್ಬಿಟ್ರಲ್ಲ," ಎಂದಳು ಪಾರ್ವತಿ. ನಮಗೆ ಮದುವೆಯಾಗಿ ಏಳು ವರ್ಷ, ಮಕ್ಕಳಿರಲಿಲ್ಲ. ಆ ಮಾತನ್ನು ಅವಳು ನಗುತ್ತ ಆಡಿದಳೆಂದು ನಾನು, ನಗಲಿಲ್ಲವೆಂದು ಅವಳು.

ಎರಡನೆಯ ದಿನಕ್ಕೆ ಬಿಕ್ಕಳಿಕೆ ನಿಂತಿತು. ಅವತ್ತು ಡಾಕ್ಟರು ಒಂದು ಎಚ್ಚರಿಕೆ ಹೇಳಿದರು. ಹೊಟ್ಟೆಗೆ ಬಾಗಿಲು ಇಟ್ಟಿದ್ದೇವೆ, ಬಾಗಿಲಿದ್ದ ಮೇಲೆ ಕ್ರಿಮಿಯೂ ಬರಬಹುದು. ಬಂದರೆ ವಾಪಸು ಬರುವ ದ್ರವ ಕದಡುತ್ತದೆ. ಬಾಟಲಿಯ ಹಿಂದೆ ಅಚ್ಚಾದ ಕಾಗದ ಹಿಡಿಯಿರಿ. ಅಕ್ಷರ ಓದಲು ಬಂದರೆ ತಿಳಿ, ಬಾರದಿದ್ದರೆ ತಕ್ಷಣ ಹೇಳಿ. ಒಬ್ಬರೇ ಸಿಸ್ಟರು, ಎಂಟು ಹಾಸಿಗೆ. ಆದ್ದರಿಂದ ಈ ಪರೀಕ್ಷೆ ನಮ್ಮ ಪಾಲಿಗೆ ಬಂತು. ನನ್ನ ಜೇಬಿನಲ್ಲಿದ್ದ ಪ್ರೂಫಿಗೂ ಕೆಲಸ ಸಿಕ್ಕಿತು.

ಪಾರ್ವತಿ ಬಾಟಲಿಯ ಹಿಂದೆ ಒಂದು ಗೇಣು ದೂರದಲ್ಲಿ ಪತ್ರಿಕೆ ಹಿಡಿದಳು. ಹಿಡಿದವಳು ಬೆಚ್ಚಿದಳು.

"ಅಕ್ಷರ ಎಲ್ಲಾ ಉಲ್ಟಾ ಬಿದ್ದವೆ ಕಣ್ರೀ. ಇದೇನು ಕೆಟ್ಟದ್ದಾ?"

ನಾನು ತಲೆಯೆತ್ತಿ ನೋಡಿದೆ. ದುಂಡನೆಯ ಗಾಜು, ತುಂಬಿದ ದ್ರವ, ಆಚೆ ಅಕ್ಷರಗಳು ಬಲದಿಂದ ಎಡಕ್ಕೆ ತಿರುಗಿ ನಿಂತಿದ್ದವು. ಥೇಟ್ ಸೀಸದ ಮೊಳೆಗಳ ಹಾಗೆ. ಮೊಳೆಯ ಮೇಲೆ ಅಕ್ಷರ ಯಾವಾಗಲೂ ತಿರುಗಿಯೇ ಇರುತ್ತದೆ, ಕಾಗದಕ್ಕೆ ಬಿದ್ದಾಗಲೇ ಅದು ನೆಟ್ಟಗಾಗುವುದು. ಹದಿನೈದು ವರ್ಷ ನಾನು ಓದಿದ್ದು ಇದೇ ಲಿಪಿ. ಸಂತೋಷದಿಂದ ನನ್ನ ಮೈ ಬಿಸಿಯಾಯಿತು. ತರೀಕೆರೆಯ ಆಸ್ಪತ್ರೆಯಲ್ಲಿ ನನ್ನ ಹೊಟ್ಟೆಯಿಂದ ಬಂದ ನೀರು ನನ್ನ ಕಸುಬಿನ ಭಾಷೆ ಮಾತಾಡುತ್ತಿತ್ತು. "ಶ್ರೀ ಗುರುಬಸವಲಿಂಗಾಯ ನಮಃ," ಎಂದು ಗಟ್ಟಿಯಾಗಿ ಶುರು ಮಾಡಿ, ವರ, ವಧು, ಬೀರೂರಿನ ಕಲ್ಯಾಣ ಮಂದಿರ, ಸಕುಟುಂಬ ಸಪರಿವಾರ ಎಲ್ಲ ಓದಿ ಮುಗಿಸಿದೆ. ಸಿಸ್ಟರಿಗೆ ಓದಲು ಬರಲಿಲ್ಲ. ಪಾರ್ವತಿಗೆ ಬರಲಿಲ್ಲ. ಪಕ್ಕದ ಹಾಸಿಗೆಯವರಿಗೆ ಬರಲಿಲ್ಲ. ಹೀಗೆ, ರೋಗಿಯೇ ತನ್ನ ಪರೀಕ್ಷಕನಾದ.

ಅಜ್ಜಂಪುರದಿಂದ ಅವ್ವ ಬಂದಳು. ಮಠದಿಂದ ವಿಭೂತಿ ತಂದಿದ್ದಳು. ಹೊಟ್ಟೆಗೆ ಹಚ್ಚಲು ಹೋದವಳ ಕೈಯನ್ನು ಸಿಸ್ಟರು ಹಿಡಿದುಕೊಂಡರು.

"ನಳಿಕೆ ಹತ್ರ ಏನೂ ಮುಟ್ಟಿಸ್ಬಾರದು ಕಣಮ್ಮ."

"ಹೊಟ್ಟೆಗೆ ಬ್ಯಾಡ ಅಂದ್ರೆ ಸೀಸೆಗಾದ್ರೂ ಹಚ್ತೀನಿ ಬಿಡು. ಅದೂ ನನ್ ಮಗನ ನೀರೇ ತಾನೆ," ಎಂದು ಅವ್ವ ನೆಲದ ಬಾಟಲಿಯ ಹೊರಗೆ ಮೂರು ಬೆರಳು ಎಳೆದಳು. ಸಿಸ್ಟರು ನಕ್ಕರು, ಒರೆಸಲಿಲ್ಲ. ಬಾಟಲಿ ಬದಲಾದಾಗಲೆಲ್ಲ ಅವ್ವ ಹೊಸದಕ್ಕೂ ಹಚ್ಚಿದಳು.

ಮೂರನೆಯ ದಿನದ ಬೆಳಿಗ್ಗೆ ಹೊಟ್ಟೆಯಲ್ಲಿ ಸಣ್ಣಗೆ ನೋವಿತ್ತು. ಮೂತ್ರ ಇನ್ನೂ ಬಂದಿರಲಿಲ್ಲ. ಗಂಟೆಗೊಂದು ಬಾಟಲಿ ಇಳಿಯುತ್ತಿತ್ತು, ಗಂಟೆಗೊಂದು ಸಲ ನಾನು ಮದುವೆಗೆ ಕರೆಯುತ್ತಿದ್ದೆ.

"ಇದು ತಿಳಿ ಅಲ್ಲ ಕಣ್ರೀ," ಎಂದಳು ಪಾರ್ವತಿ. "ಅಕ್ಕಿ ತೊಳೆದ ನೀರು ಇದ್ದಂಗೈತೆ."

"ಅವ್ವನ ವಿಭೂತಿ ಕಣೇ ಅದು."

"ವಿಭೂತಿ ಹೊರಗೈತೆ. ಇದು ಒಳಗೆ."

"ನಾನು ಓದ್ತಾ ಇದೀನಲ್ಲ? ಇನ್ನೇನು ಬೇಕು ನಿಂಗೆ?" ನನಗೆ ಸಿಟ್ಟು ಬಂತು. ಸಾರಿನ ತಿಳಿ ನೋಡುವ ಕಣ್ಣಿನಿಂದ ಇವಳು ವಿಜ್ಞಾನ ನೋಡುತ್ತಿದ್ದಾಳೆ ಎನ್ನಿಸಿತು. ಹಾಗೆ ಅನ್ನಿಸಿದ್ದು ಮಾತ್ರವೇ, ಬಾಯಿಬಿಟ್ಟು ಅಂದೆನೇ? ಅವಳು ಅಂದಿರಿ ಎನ್ನುತ್ತಾಳೆ.

ಮಧ್ಯಾಹ್ನಕ್ಕೆ ಮುಂಚೆ ಅಚ್ಚುಕೂಟದ ಯಜಮಾನ ನಿಂಗಪ್ಪಣ್ಣ ಕಡೂರಿನಿಂದ ಬಂದ. ಚೀಲದ ತುಂಬ ಎಳನೀರು ತಂದಿದ್ದ. ಎಳನೀರು ಕುಡಿಯಬಾರದು ಎಂದು ಡಾಕ್ಟರು ಹೇಳಿದ್ದು ಕೇಳಿ ಮುಖ ಸಪ್ಪಗೆ ಮಾಡಿಕೊಂಡು ಎಲ್ಲವನ್ನೂ ಪಕ್ಕದ ಹಾಸಿಗೆಗಳಿಗೆ ಹಂಚಿದ. ಆಮೇಲೆ ಹಾಸಿಗೆಯ ಬಳಿ ಕೂತು ಅಚ್ಚುಕೂಟದ ಸುದ್ದಿ ಹೇಳಲು ಶುರು ಮಾಡಿದ. ಆಗ ಒಂದು ಬಾಟಲಿ ಇಳಿದು ತುಂಬಿತು. ಪಾರ್ವತಿ ಎತ್ತಿ ಕಿಟಕಿಯ ಬೆಳಕಿಗೆ ಇಟ್ಟಳು, ಹಿಂದೆ ಪತ್ರಿಕೆ ಹಿಡಿದಳು. ನಾನು ಓದಿದೆ. ನಿಂಗಪ್ಪಣ್ಣನ ಮುಂದೆ ಓದುವುದರಲ್ಲಿ ಸ್ವಲ್ಪ ಜಂಬವೂ ಇತ್ತು. ಗುರುಬಸವಲಿಂಗಾಯ ನಮಃ, ವರ, ವಧು, "ಬೀರೂರಿನ ಕಲ್ಯಾಣ ಮಂದಿರದಲ್ಲಿ…"

"ಲೇ ಲೇ, ತಡಿಯೋ," ಎಂದ ನಿಂಗಪ್ಪಣ್ಣ. "ಎಲ್ಲೈತೋ ಬೀರೂರು?"

"ಅಲ್ಲೇ, ನಾಲ್ಕನೇ ಸಾಲು."

"ಬೀರೂರಿನ ಮಂದಿರ ಸಿಗ್ಲಿಲ್ಲ ಅಂತ ಪಾರ್ಟಿ ಬಂದು ಮದುವೇನ ಅಜ್ಜಂಪುರಕ್ಕೆ ಹಾಕ್ಕಂಡ್ರು. ಹೊಸದಾಗಿ ಮೊಳೆ ಜೋಡ್ಸಿ ಹೊಡ್ದಿರೋ ಪತ್ರಿಕೆ ಕಣೋ ಅದು, ಈಗ ತಾನೆ ನಿನ್ ಹೆಂಡ್ತಿ ನನ್ ಕೈಯಿಂದ ಇಸ್ಕಂಡ್ಳು. ಅದ್ರಾಗೆ ಬೀರೂರು ಅನ್ನೋ ಅಕ್ಷರಾನೇ ಇಲ್ಲ. ಏನು ಓದ್ತಿದೀಯ ನೀನು?"

ನಾನು ಮತ್ತೆ ಬಾಟಲಿಯನ್ನು ನೋಡಿದೆ. ಈ ಸಲ ನಿಜಕ್ಕೂ ನೋಡಿದೆ. ಮಬ್ಬಿನೊಳಗೆ ಒಂದು ಕಪ್ಪು ಪಟ್ಟಿ, ಅದರ ಮೇಲೆ ಬಸವಣ್ಣನ ಚಿತ್ರದ ಬ್ಲಾಕು ಇರಬಹುದಾದ ಒಂದು ಮಚ್ಚೆ. ಅಕ್ಷರ ಒಂದೂ ಇರಲಿಲ್ಲ. ಬೆರಳುಗಳಿಂದ ಜೋಡಿಸಿದ್ದನ್ನು ನಾಲಿಗೆ ಹೇಳುತ್ತಿತ್ತು. ಕಣ್ಣು ಸುಮ್ಮನೆ ತಲೆಯಾಡಿಸುತ್ತಿತ್ತು. ಎಷ್ಟು ಗಂಟೆಗಳಿಂದ?

ಪಾರ್ವತಿ ಓಡಿದಳು. ಡಾಕ್ಟರು ಬಂದು ಬಾಟಲಿ ನೋಡಿದರು, ಹೊಟ್ಟೆ ಒತ್ತಿದರು, ಒತ್ತಿದ ಕೈ ಬಿಟ್ಟಾಗ ನಾನು ಕೂಗಿದೆ. ನಡೆದದ್ದನ್ನು ಪೂರ್ತಿ ಕೇಳಿಸಿಕೊಂಡರು.

"ಪರೀಕ್ಷೆ ಬರೆಯೋನ ಕೈಗೇ ಪೇಪರ್ ತಿದ್ದೋಕೆ ಕೊಟ್ಟಿದ್ದು ನನ್ನ ತಪ್ಪು," ಎಂದರು. ಅಷ್ಟು ದೊಡ್ಡ ಮಾತನ್ನು ಅಷ್ಟು ಸಣ್ಣ ದನಿಯಲ್ಲಿ ಹೇಳುವ ಇನ್ನೊಬ್ಬ ವೈದ್ಯರನ್ನು ನಾನು ನೋಡಿಲ್ಲ.

ಒಂದು ಹನಿಯನ್ನು ಗಾಜಿನ ಚೂರಿನ ಮೇಲೆ ಹಾಕಿ, ಕಿಟಕಿಯಲ್ಲೇ ಸೂಕ್ಷ್ಮದರ್ಶಕ ಇಟ್ಟು ನೋಡಿದರು. ಬಹಳ ಹೊತ್ತು ನೋಡಿದರು. ಏನು ಕಾಣುತ್ತಿದೆ ಎಂದು ನಾನು ಕೇಳಿದೆ. ಅವರು ಅದನ್ನು ಹಾಸಿಗೆಯ ಪಕ್ಕದ ಸ್ಟೂಲಿಗೆ ತಂದು, ಕೆಳಗಿನ ಸಣ್ಣ ಕನ್ನಡಿಯನ್ನು ಬೆಳಕಿಗೆ ತಿರುಗಿಸಿ, ನನ್ನ ತಲೆ ಎತ್ತಿ ಹಿಡಿದರು.

ನಾನು ಕಂಡದ್ದನ್ನು ಹೇಗೆ ಹೇಳಲಿ. ಮೊಳೆಪೆಟ್ಟಿಗೆಯಲ್ಲಿನ ಪೂರ್ಣವಿರಾಮದ ಚುಕ್ಕಿಗಳ ಮನೆಯನ್ನು ಯಾರೋ ನೆಲಕ್ಕೆ ಸುರಿದ ಹಾಗೆ. ದುಂಡು ದುಂಡು, ಸಾಲಿಲ್ಲದೆ, ಒಂದರ ಮೇಲೊಂದು, ಲೆಕ್ಕವಿಲ್ಲದಷ್ಟು.

"ಇಷ್ಟೊಂದು ಕ್ರಿಮಿಗಳಾ?"

"ಕ್ರಿಮಿ ಅಲ್ಲ ಕಣ್ರೀ. ಕ್ರಿಮಿ ಇದರಲ್ಲಿ ಕಾಣೋದೂ ಕಷ್ಟ. ಇವೆಲ್ಲ ನಿಮ್ಮವೇ. ಕ್ರಿಮಿ ಬಂತು ಅಂತ ಗೊತ್ತಾಗಿ ರಕ್ತದಿಂದ ಓಡಿ ಬಂದಿರೋ ಬಿಳಿ ಕಣ. ಕದಡಿರೋದೇ ಇವುಗಳಿಂದ."

ನಾನು ಕಣ್ಣು ತೆಗೆಯಲಿಲ್ಲ. ಜ್ವರವಿತ್ತು, ನೋವಿತ್ತು, ಸಾಯಬಹುದಿತ್ತು, ಆದರೂ ಎದೆ ಹಾರುತ್ತಿತ್ತು. ನನ್ನವು. ನಾನು ಯಾರನ್ನೂ ಕರೆದಿರಲಿಲ್ಲ. ನಾನು ಎಲ್ಲ ಸರಿಯಿದೆ ಎಂದು ಗಂಟೆಗೊಮ್ಮೆ ಸುಳ್ಳು ಓದುತ್ತಿದ್ದಾಗ, ನನ್ನ ಮಾತನ್ನು ಕಿವಿಗೆ ಹಾಕಿಕೊಳ್ಳದೆ, ಪತ್ರಿಕೆಯಿಲ್ಲದೆ, ಇವು ಸಕುಟುಂಬ ಸಪರಿವಾರ ಬಂದಿದ್ದವು. ಅವ್ವನಿಗೆ ಹೇಳಿದೆ. ಅವಳು ಸೂಕ್ಷ್ಮದರ್ಶಕಕ್ಕೆ ಕೈ ಮುಗಿದಳು, ಒಳಗೆ ನೋಡಲು ಒಪ್ಪಲಿಲ್ಲ.

ಪಾರ್ವತಿ ಮಾತ್ರ ನೆಲದ ಬಾಟಲಿಯನ್ನೇ ನೋಡುತ್ತಿದ್ದಳು.

"ಡಾಕ್ಟ್ರೇ, ಕಾಯೋರು ಇವ್ರೇ ಅಂದ್ರೆ, ಗಂಟೆಗೊಂದು ಸಲ ಇವ್ರನ್ನೇ ತೊಳ್ದು ಆಚೆ ಚೆಲ್ತಾ ಇದೀವಲ್ಲ?"

ಡಾಕ್ಟರು ಅವಳ ಕಡೆ ತಿರುಗಿದರು. ಆಮೇಲೆ ಅವರು ಮಾತಾಡಿದ್ದೆಲ್ಲ ಅವಳ ಜೊತೆಯೇ.

"ಹೌದು. ಅದೇ ಕಷ್ಟ. ವಿಷದ ಜೊತೆ ಕಾವಲೂ ಹೋಗುತ್ತೆ. ನಾವು ಒಳಗೆ ಬಿಡೋ ಈ ಸಕ್ಕರೆ ನೀರು ಅವಕ್ಕೆ ಒಗ್ಗೋದೂ ಇಲ್ಲ, ಅದರಲ್ಲಿ ಮಂಕಾಗ್ತವೆ."

"ಹಂಗಾದ್ರೆ ಒಳಗೇ ಬಿಡಿ."

"ಬಿಟ್ರೆ ವಿಷ ನಿಲ್ಲುತ್ತೆ."

ಮಾತು ಅಲ್ಲಿಗೆ ಬಂದು ನಿಂತಿತು. ಬೇಗ ತೊಳೆದರೆ ಕಾವಲುಗಾರರು ಹೋಗುತ್ತಾರೆ, ತಡವಾಗಿ ತೊಳೆದರೆ ವಿಷ ಏರುತ್ತದೆ. ನಳಿಕೆ ತೆಗೆದು ಬೆಂಗಳೂರಿಗೆ ಕಳಿಸುವುದು ಇನ್ನೊಂದು ದಾರಿ. ಆ ಪ್ರಯಾಣವನ್ನು ನಾನು ತಡೆಯುತ್ತೇನೆಯೇ ಎನ್ನುವುದು ತನಗೆ ಗೊತ್ತಿಲ್ಲ ಎಂದು ಡಾಕ್ಟರು ನನ್ನ ಮುಂದೆಯೇ ಹೇಳಿದರು. ಕೊನೆಗೆ ಅವರು ದ್ರವಕ್ಕೆ ಔಷಧಿ ಬೆರೆಸಿದರು, ಅರ್ಧ ಗಂಟೆಯ ಬದಲು ನಾಲ್ಕು ಗಂಟೆ ಒಳಗೆ ಬಿಡುವುದೆಂದು ತೀರ್ಮಾನಿಸಿದರು. ಬಿಕ್ಕಳಿಕೆ ಮತ್ತೆ ಬಂದರೆ ವಿಷ ಏರುತ್ತಿದೆ ಎಂದರ್ಥ. ಆಗ ಬೆಂಗಳೂರೇ ಗತಿ.

ಆ ನಾಲ್ಕು ಗಂಟೆ ಡಾಕ್ಟರೂ ಸೇರಿ ನಾಲ್ಕು ಜನ ನನ್ನ ಗಂಟಲನ್ನು ನೋಡುತ್ತ ಕೂತರು. ನಿಂಗಪ್ಪಣ್ಣ ಕಡೂರಿಗೆ ಹೋಗುವ ಬಸ್ಸು ಬಿಟ್ಟ. ಇನ್ನೊಂದು ಬಸ್ಸನ್ನೂ ಬಿಟ್ಟ. ಒಂದು ಸಲ ನಾನು ತೇಗಿದೆ. ಎಲ್ಲರೂ ಎದ್ದು ನಿಂತರು.

"ತೇಗು ಕಣ್ರಪ್ಪಾ, ಬರೀ ತೇಗು," ಎಂದೆ.

"ಮುಂಚೇನೇ ಹೇಳಿ ತೇಗೋ, ನನ್ ಮಗನೆ," ಎಂದ ನಿಂಗಪ್ಪಣ್ಣ, ಕೂತುಕೊಳ್ಳುತ್ತ.

ನಾನು ಹೊಟ್ಟೆಯ ಮೇಲೆ ಕೈ ಇಟ್ಟುಕೊಂಡಿದ್ದೆ. ಒಳಗೆ ಏನೋ ಓಡಾಡಿದ್ದು ತಿಳಿಯುತ್ತಿತ್ತು ಎಂದು ಬರೆಯಲು ಮನಸ್ಸಾಗುತ್ತದೆ. ಏನೂ ತಿಳಿಯಲಿಲ್ಲ. ಬೆಚ್ಚಗಿತ್ತು, ಅಷ್ಟೇ. ಆದರೆ ಅದುವರೆಗೆ ನನ್ನ ದೇಹ ನನಗೆ ಕೈಕೊಟ್ಟ ಯಂತ್ರವಾಗಿತ್ತು. ಆ ಮಧ್ಯಾಹ್ನ ಅದು ನನ್ನ ಕಡೆಯವರಿರುವ ಊರಾಯಿತು.

ಇಳಿದು ಬಂದ ಬಾಟಲಿ ಕದಡಿಯೇ ಇತ್ತು. ಆದರೆ ಬಿಕ್ಕಳಿಕೆ ಬರಲಿಲ್ಲ. ಡಾಕ್ಟರು ಇನ್ನೊಂದು ನಾಲ್ಕು ಗಂಟೆ ಎಂದರು.

ಅಂದಿನಿಂದ ಪರೀಕ್ಷೆಯ ನಿಯಮ ಪಾರ್ವತಿಯದು. ನಾನು ಹಿಂದೆಂದೂ ಕಾಣದ ಕಾಗದವನ್ನೇ ಅವಳು ಹಿಡಿಯುತ್ತಿದ್ದಳು. ಬಸ್ಸಿನ ಟಿಕೆಟ್ಟು, ಮಾತ್ರೆಯ ಡಬ್ಬಿಯೊಳಗಿನ ಚೀಟಿ, ಕಡಲೆಕಾಯಿ ಕಟ್ಟಿಕೊಟ್ಟ ಹಾಳೆ. ನಾನು ಓದಿದ್ದನ್ನು ಅವಳು ಕಾಗದ ತಿರುಗಿಸಿ ತಾನೇ ಸರಿ ನೋಡುತ್ತಿದ್ದಳು. ಮರುದಿನ ದಪ್ಪಕ್ಷರ ಕಂಡವು. ಅದರ ಮರುದಿನ ಒಂದು ಬಾಟಲಿಯ ಆಚೆ ಸಣ್ಣಕ್ಷರ ಒಂದೊಂದಾಗಿ ಎದ್ದು ನಿಂತವು. ನಾನು ತಡವರಿಸುತ್ತ, ಮೊದಲ ಸಲ ಓದು ಕಲಿಯುವವನ ಹಾಗೆ ಓದಿದೆ. "ಒಂದು ತೊಟ್ಟಿಗೆ ಎರಡು ನಲ್ಲಿಗಳಿವೆ. ಒಂದು ನಲ್ಲಿ ತುಂಬುತ್ತದೆ, ಇನ್ನೊಂದು ಖಾಲಿ ಮಾಡುತ್ತದೆ. ಎರಡನ್ನೂ ತೆರೆದರೆ…" ಅಲ್ಲಿಗೆ ಹಾಳೆ ಹರಿದಿತ್ತು. ಯಾವುದೋ ಮಗುವಿನ ಲೆಕ್ಕದ ಪುಸ್ತಕದ ಹಾಳೆ.

ಇದು ತೀರಾ ಚೆನ್ನಾಗಿ ಹೊಂದುತ್ತದೆ, ಅದಕ್ಕೇ ನನಗೆ ಅನುಮಾನ. ಪಾರ್ವತಿಯ ಪ್ರಕಾರ ಅದು ಸೀರೆ ಅಂಗಡಿಯ ಜಾಹೀರಾತು. ಇಬ್ಬರಲ್ಲಿ ಯಾರನ್ನು ನಂಬಬೇಕೆಂದು ಓದುವವರೇ ನೋಡಿಕೊಳ್ಳಲಿ. ನನ್ನ ಹಿಂದಿನ ಚರಿತ್ರೆ ಅವರಿಗೆ ಗೊತ್ತಿದೆ.

ಅದೇ ದಿನವೋ ಮರುದಿನವೋ ಬೆಳಿಗ್ಗೆ ಮೂತ್ರ ಬಂತು. ಔಷಧಿಯ ಲೋಟದಲ್ಲಿ ತಳ ಮುಚ್ಚುವಷ್ಟು. ಅವ್ವ ಆ ಲೋಟವನ್ನು ಎತ್ತಿಕೊಂಡು ಹೊರಗಿನ ಬೆಂಚಿನವರಿಗೆಲ್ಲ ತೋರಿಸಿದಳು.

"ನನ್ ಮಗ ಉಚ್ಚೆ ಹೊಯ್ದ ನೋಡ್ರವ್ವ."

"ನಿಮ್ ಮೊಮ್ಮಗಾನಾ?" ಎಂದು ಯಾರೋ ಕೇಳಿದರಂತೆ.

"ಮೊಮ್ಮಗ ಎಲ್ಲಿಂದ ಬರ್ಬೇಕು, ಮಗಾನೇ ಕಣೇ. ಮೂವತ್ನಾಕು ವರ್ಷ."

ಎರಡು ವಾರಕ್ಕೆ ನಡೆದುಕೊಂಡೇ ಹೋಗಿ ಕಡೂರಿನ ಬಸ್ಸು ಹತ್ತಿದೆ. ಅಜ್ಜಂಪುರದ ಆ ಮದುವೆ ಅಷ್ಟರಲ್ಲಿ ಆಗಿಹೋಗಿತ್ತು. ಈಗ ಆರು ವರ್ಷವಾಯಿತು, ಕಿಡ್ನಿಗಳು ಎಚ್ಚರವಾಗಿವೆ. ಹೊಕ್ಕುಳ ಕೆಳಗೆ ಅರ್ಧವಿರಾಮದಂಥ ಒಂದು ಗುರುತು ಉಳಿದಿದೆ. ಹೊಟ್ಟೆಗೆ ನಳಿಕೆ ಹಾಕಿಕೊಂಡು ಎಲ್ಲೋ ಮಲಗಿರುವವರಿಗೆ, ಪಕ್ಕದಲ್ಲಿ ಬಾಟಲಿ ಹಿಡಿದು ಕೂತಿರುವವರಿಗೆ ನಾನು ಹೇಳಬಹುದಾದದ್ದು ಒಂದೇ. ಗೊತ್ತಿರುವ ಕಾಗದ ಹಿಡಿಯಬೇಡಿ. ಕದಡಿದರೆ ಹೇಳಿಬಿಡಿ, ಆದರೆ ಆ ಕದಡನ್ನು ಹಗೆಯೆಂದು ಬಯ್ಯಬೇಡಿ. ಅದರಲ್ಲಿ ನಿಮ್ಮವರಿದ್ದಾರೆ.

ಬಾಟಲಿಯನ್ನು ತಿಳಿ ಮಾಡಿದ್ದು ಔಷಧಿಯೋ, ನಾಲ್ಕು ಗಂಟೆಯ ಬಿಡುವೋ, ಆ ದುಂಡು ಚುಕ್ಕಿಗಳೋ ಎಂದು ಹೋದ ವರ್ಷ ತರೀಕೆರೆಗೆ ಹೋಗಿ ಡಾಕ್ಟರನ್ನೇ ಕೇಳಿದೆ. "ನನಗೂ ಗೊತ್ತಿಲ್ಲ ಬಸಪ್ಪ," ಎಂದರು, "ಒಂದೊಂದನ್ನೇ ಬಿಟ್ಟು ನೋಡೋ ಧೈರ್ಯ ಇರ್ಲಿಲ್ಲ." ಅಂದು ಪತ್ರಿಕೆಯನ್ನು ಯಾಕೆ ಬದಲಿಸಿದೆ ಎಂದು ಪಾರ್ವತಿಯನ್ನು ಎಷ್ಟೋ ಸಲ ಕೇಳಿದ್ದೇನೆ. ಒಮ್ಮೆ, ಹಳೆಯದು ಒದ್ದೆಯಾಗಿತ್ತು ಎಂದಳು. ಇನ್ನೊಮ್ಮೆ, ನಿಮ್ಮನ್ನ ನಂಬಿ ಕೂತಿದ್ರೆ ಆಗ್ತಿತ್ತು ಬಿಡಿ ಎಂದು ಒಳಗೆ ಹೋದಳು. ನಾನು ಬೀರೂರಿನ ಮದುವೆಗೆ ಕರೆಯುತ್ತ ಎಷ್ಟು ಕದಡಿದ ಬಾಟಲಿಗಳನ್ನು ತಿಳಿಯೆಂದು ದಾಟಿಸಿದೆ ಎನ್ನುವುದು ಅವಳಿಗೂ ತಿಳಿಯದು, ನನಗೂ ತಿಳಿಯದು.